ಗೋಡೆಯಾಚೆಗೂ ಹೋಗಿದ್ದ ತೊಲೆ

ಹೊಸಪೇಟೆಯ ಕಾಲುವೆ ದಂಡೆಯ ಓಣಿಯಲ್ಲಿ ನಮಗಿದ್ದದ್ದು ಅರ್ಧ ಮನೆ. ಮಾವ ಕಟ್ಟಿಸಿದ್ದ ಮಣ್ಣಿನ ಮಾಳಿಗೆಯ ಮನೆಯನ್ನು ನನ್ನ ಗಂಡ, ಮೈದುನ ಜಗಳವಾಡಿ ಹಂಚಿಕೊಂಡಾಗ ನಡುವೆ ಒಂದು ಗೋಡೆ ಎದ್ದಿತ್ತು. ಕಿಟಕಿಗಳೆಲ್ಲ ಮೈದುನನ ಪಾಲಿಗೆ ಹೋದವು. ಗಂಡ ಬೆಳಗ್ಗೆ ಗಣಿ ಕೆಲಸಕ್ಕೆಂದು ದೋಣಿಮಲೈ ಬಸ್ಸು ಹತ್ತಿದ ಮೇಲೆ ನಾನು ಹಗಲಲ್ಲೂ ದೀಪ ಹಾಕಿಕೊಂಡೇ ಅಡುಗೆ ಮಾಡುತ್ತಿದ್ದೆ. ಕಾಲುವೆಗೆ ನೀರು ಬಿಟ್ಟರೆ ನೆಲ ಒದ್ದೆಯಾಗಿ ಹಾಸಿಗೆ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಗೋಡೆಯಾಚೆ ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಒಗ್ಗರಣೆ ಹಾಕಿದ್ದು ಕೇಳಿಸುತ್ತಿತ್ತು. ಮಾತು ಮಾತ್ರ ನಿಂತು ವರ್ಷಗಳಾಗಿದ್ದವು.

ಎಷ್ಟೋ ಸಲ ಗೋಗರೆದ ಮೇಲೆ ಗಂಡ ಮನೆ ಮಾರಲು ಒಪ್ಪಿದರು. ಕೊಳ್ಳುವವರು ಹುಳುಕು ತೆಗೆಯುವ ಮೊದಲು ನಾವೇ ತಿಳಿದವರಿಗೆ ತೋರಿಸಿಬಿಡೋಣವೆಂದು ಕಾಲುವೆ ಇಲಾಖೆಯಿಂದ ನಿವೃತ್ತರಾದ ಓವರ್ಸಿಯರ್ ಒಬ್ಬರನ್ನು ಭಾನುವಾರ ಕರೆತಂದರು. ಅವರು ಬಿರುಕು ಬಿಟ್ಟ ನಡುಗೋಡೆ ಬಡಿದರು, ನೆಲ ಕುಟ್ಟಿದರು. ಕೊನೆಗೆ ಟಾರ್ಚು ಮೇಲಕ್ಕೆ ಹಿಡಿದು ಬಹಳ ಹೊತ್ತು ನಿಂತರು.

"ಈ ತೊಲಿ ಎಲ್ಲಿ ಮುಗೀತೈತ್ರಿ?"

"ನಡುಗೋಡಿ ಮ್ಯಾಲೆ ಕುಂತೈತಲ್ರಿ," ಎಂದರು ಗಂಡ.

"ಗೋಡಿ ಆಮ್ಯಾಲೆ ಬಂದದ್ದು. ತೊಲಿ ಆಚೀಕೂ ಹೋಗಿರಬೇಕು. ಆ ಕಡಿಯಿಂದ ನೋಡದ ಹೊರ್ತು ನಾ ಏನೂ ಹೇಳಂಗಿಲ್ರಿ."

ಗಂಡ ಮುಖ ತಿರುಗಿಸಿದರು. "ನಾ ಆ ಹೊಸ್ತಿಲ ತುಳಿಯಂಗಿಲ್ಲ."

ನಾನೇ ಹೋಗಿ ಬಾಗಿಲು ತಟ್ಟಿದೆ. ಮೈದುನ ಕಂಪ್ಲಿಗೆ ಹೋಗಿದ್ದದ್ದು ಪುಣ್ಯ. ನೆಗೆಣ್ಣಿ ಒದ್ದೆ ಕೈಯಲ್ಲೇ ಬಂದು ನನ್ನನ್ನು, ಹಿಂದೆ ನಿಂತ ಓವರ್ಸಿಯರನ್ನು ನೋಡಿದಳು. "ಬರ್ರಿ ಅಕ್ಕಾ," ಎಂದಳು, ನಿನ್ನೆ ತಾನೇ ಮಾತಾಡಿದವಳ ಹಾಗೆ.

ಓವರ್ಸಿಯರ್ ತಲೆಯೆತ್ತುವ ಮೊದಲೇ ಅವಳು ಹೇಳಿದಳು: "ತೊಲಿ ನೋಡಾಕ ಬಂದೀರೇನ್ರಿ? ಹೋದ ವರ್ಷ ನಮ್ಮವರೂ ಒಬ್ರನ್ನ ಕರಕೊಂಡು ಬಂದಿದ್ರು."

"ನೀವೂ ಮಾರಬೇಕಂತ ಇದ್ರೇನು?" ನಾನು ಕೇಳಿದೆ.

"ಈ ಮನ್ಯಾಗ ಯಾರ್ ಇರ್ತಾರಕ್ಕಾ? ನೀವು ಆ ಕಡಿ ಕೆಮ್ಮಿದ್ರೂ ಇವರಿಗೆ ಸಿಟ್ಟು ಬರ್ತೈತಿ. ನಾ ಪಾತ್ರಿ ಇಟ್ಟ ಸಪ್ಪಳ ನಿಮಗ ಕೇಳಬಾರದು. ಉಸುರು ಬಿಗಿಹಿಡದು ಬಾಳೇವು ಮಾಡೇನಿ."

ಆ ಗೋಡೆ ನನ್ನೊಬ್ಬಳನ್ನೇ ಕೂಡಿಹಾಕಿದೆ ಎಂದುಕೊಂಡಿದ್ದೆ. ಅವಳ ಕೈ ಹಿಡಿದುಕೊಂಡೆ.

ಹೊರಗೆ ಬಂದು ಓವರ್ಸಿಯರ್ ಗಂಡನಿಗೆ ತಿಳಿಸಿ ಹೇಳಿದರು. ಮಾಳಿಗೆಯ ಭಾರ ಹೊತ್ತ ತೊಲೆಗಳೆಲ್ಲ ಎರಡೂ ಪಾಲಿಗೆ ಹಾಯ್ದಿದ್ದವು. ಒಂದು ಪಾಲು ಕೊಂಡವನು ಕೆಡವಿ ಕಟ್ಟಲು ಹೋದರೆ ಇನ್ನೊಂದು ಪಾಲಿನ ಮಾಳಿಗೆ ಕುಸಿಯುತ್ತಿತ್ತು. "ಮಾರಿದ್ರ ಇಬ್ರೂ ಕೂಡಿ ಮಾರ್ರಿ. ಇಲ್ಲಾಂದ್ರ ಹಿಂಗ ಇರ್ರಿ."

ಮರುದಿನ ನಾನು, ನೆಗೆಣ್ಣಿ ನಲ್ಲಿಯ ಹತ್ತಿರ ಮಾತಾಡಿಕೊಂಡು, ಕೂಡಿಯೇ ಮಾರೋಣವೆಂದು ಸಂಜೆ ನಮ್ಮ ನಮ್ಮ ಗಂಡಂದಿರಿಗೆ ಹೇಳಿದೆವು. ನನ್ನವರು ಉಣ್ಣುತ್ತಿದ್ದವರು ತಾಟು ಸರಿಸಿದರು. "ಅವನ ಪಕ್ಕ ಕುಂತು ಸಹಿ ಹಾಕು ಅಂತೀಯೇನು? ಮನಿ ಬಿದ್ರ ಬೀಳ್ಲಿ."

ಆಚೆಯಿಂದಲೂ ದನಿ ಎದ್ದಿತು. ಗೋಡೆ ಎಷ್ಟು ತೆಳುವಾಗಿತ್ತೆಂದರೆ ಮೈದುನನ ಉತ್ತರವೂ ಪೂರ್ತಿ ಕೇಳಿಸಿತು. ಅಣ್ಣತಮ್ಮಂದಿರು ಅಷ್ಟು ವರ್ಷಗಳಲ್ಲಿ ಒಂದೇ ಮಾತಿಗೆ ಬಂದದ್ದು ಅಂದು ಮಾತ್ರ.

ಮುಂದಿನ ವಾರ ಗಂಡ ಸೈಕಲ್ಲಿನ ಮೇಲೆ ಒಂದು ಚೀಲ ಸಿಮೆಂಟು ತಂದು ಪಡಸಾಲೆಯಲ್ಲಿ ಇಳಿಸಿದರು. ನಡುಗೋಡೆಯ ಬಿರುಕು ಮುಚ್ಚಿಸುತ್ತಾರಂತೆ. ನಾನು ಗಾರೆಯವನಿಗೆ ನೀರು ಬೇಕಾಗುತ್ತದೆಂದು ಕೊಡ ತುಂಬಿಟ್ಟೆ.