ಒಂದು ಗೇಣು ಬೆಳಕು

ಶಿರಹಟ್ಟಿಯಲ್ಲಿ ಕೆಲಸ ಮಾಡುತ್ತಿದ್ದಾಗಲೇ ನಾನು ಮೊಬೈಲಿನ ಬೆಳಕನ್ನು ನಂಬುವುದು ಬಿಟ್ಟೆ. ನಾನು ಪಶುವೈದ್ಯೆ. ನಮ್ಮ ಕಡೆಯ ದನದ ಕೊಟ್ಟಿಗೆಗಳು ಹಗಲಲ್ಲೂ ಕತ್ತಲೆಯೇ. ಮಣ್ಣಿನ ಮಾಳಿಗೆಗೆ ಒಂದು ಬೆಳಕಿಂಡಿ ಇದ್ದರೆ ಹೆಚ್ಚು. ಮೊಬೈಲನ್ನು ಮನೆಯವರ ಕೈಗೆ ಕೊಟ್ಟು ಎತ್ತಿನ ಬಾಯಿ ನೋಡಲು ಬಾಗಿದರೆ, ಬೆಳಕು ಹಿಡಿದವರಿಗೂ ಒಳಗೇನಿದೆ ಎಂದು ನೋಡುವ ಆಸೆ. ಅವರ ತಲೆ ಮುಂದೆ ಬಂದಂತೆಲ್ಲ ಬೆಳಕು ವಾಲಿ ನನ್ನ ಕಣ್ಣಿಗೇ ಬೀಳುತ್ತಿತ್ತು. ಒಂದು ದಿನ ನಾನೇ ಹಿಡಿದು ನೋಡುತ್ತಿದ್ದಾಗ ಎತ್ತು ತಲೆ ಕೊಡವಿತು. ಮೊಬೈಲು ಗಂಜಲದ ಕಾಲುವೆಗೆ ಬಿತ್ತು.

ಅಂಗೈಯಗಲದ ದೊಡ್ಡ ಬ್ಯಾಟರಿ ಟಾರ್ಚು ನನ್ನ ಬಳಿ ಇರಲಿಲ್ಲ ಎಂದಲ್ಲ. ಆದರೆ ಅದು ಬೇಕಾದಾಗಲೆಲ್ಲ ಬೆಟಗೇರಿಯ ಮನೆಯಲ್ಲೇ ಉಳಿದಿರುತ್ತಿತ್ತು. ನಾನು ಎಂದೂ ಮರೆಯದ ವಸ್ತು ಒಂದೇ, ಸ್ಕೂಟರಿನ ಕೀಲಿಕೈ. ಅದಿಲ್ಲದೆ ಊರು ಬಿಡಲಾಗದು. ಹಾಗಾದರೆ ಬೆಳಕೂ ಕೀಲಿಕೈ ಜೊತೆಗೇ ಇರಲಿ ಎಂದು ನಿಶ್ಚಯಿಸಿದೆ.

ಒಂದು ರವಿವಾರ ಗಂಡನೊಡನೆ ಗದಗಿನ ಮಾರ್ಕೆಟ್ಟಿಗೆ ಹೋದೆ. ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ಏನನ್ನು ಕೊಳ್ಳುವುದಿದ್ದರೂ ಮೊದಲು ಓದಿಕೊಂಡು ಬರುವವರು. ಬೆಳಕು ಎಷ್ಟು ದೂರ ಹೋಗುತ್ತದೆ, ಎಷ್ಟು ಹೊತ್ತು ಉರಿಯುತ್ತದೆ, ನೀರಿಗೆ ಬಿದ್ದರೆ ಏನಾಗುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ದಾರಿಯುದ್ದಕ್ಕೂ ಅದನ್ನೇ ಹೇಳಿದರು. ಅವರ ಮನಸ್ಸಿನಲ್ಲಿದ್ದದ್ದು ಚಾರ್ಜ್ ಮಾಡುವ, ದಪ್ಪ ಲೋಹದ, ದುಬಾರಿ ಬ್ಯಾಟರಿ. ನನ್ನ ಲೆಕ್ಕವೇ ಬೇರೆ ಇತ್ತು. ಸೆಗಣಿಯಲ್ಲಿ ಬಿದ್ದು ಕಳೆದುಹೋದರೆ ಅದಕ್ಕಾಗಿ ನಾನು ಊಟ ಬಿಡಬಾರದು. ಸಾಬೂನು ಹಚ್ಚಿ ತೊಳೆಯಲು ಬರಬೇಕು. ಸೆಲ್ಲು ತೀರಿದರೆ ಯಾವ ಹಳ್ಳಿಯ ಕಿರಾಣಿ ಅಂಗಡಿಯಲ್ಲಾದರೂ ಸಿಗಬೇಕು.

ಬಲ್ಬು, ವೈರು ಮಾರುವ ಅಂಗಡಿಯೊಂದರಲ್ಲಿ ಕೀಲಿಕೈಗೆ ಸಿಕ್ಕಿಸುವ ಪುಟ್ಟ ಬ್ಯಾಟರಿಗಳನ್ನು ಒಂದು ಡಬ್ಬಿಯ ತುಂಬ ಇಟ್ಟಿದ್ದರು. ಅಂಗಡಿಯವರು ನನ್ನಷ್ಟೇ ವಯಸ್ಸಿನ ಗಂಡಸು. ಡಬ್ಬಿಯನ್ನೇ ನನ್ನ ಮುಂದೆ ಬೋರಲು ಹಾಕಿ, ಬೇಕಾದ್ದು ಆರಿಸಿಕೊಳ್ಳಿ ಎಂದರು. ಕೆಲವದರ ಗುಂಡಿ ಎಷ್ಟು ಮೆತ್ತಗಿತ್ತೆಂದರೆ ಚೀಲದಲ್ಲಿ ಒತ್ತಿಕೊಂಡು ತಾನೇ ಉರಿದು ತೀರಿಹೋಗುವುದು ಖಂಡಿತ. ಕೆಲವನ್ನು ಹೊತ್ತಿಸಲು ತಲೆ ತಿರುಗಿಸಬೇಕು, ಅದಕ್ಕೆ ಎರಡು ಕೈ ಬೇಕು. ಅವನ್ನೆಲ್ಲ ಪಕ್ಕಕ್ಕಿಟ್ಟೆ. ಉಳಿದವನ್ನು ಹಿಡಿದು, ಅಂಗಡಿಯ ಹಿಂದಿನ ಸಾಮಾನಿನ ಕೋಣೆಗೆ ಹೋಗಬಹುದೇ, ಒಂದು ಕನ್ನಡಿ ಇದೆಯೇ ಎಂದು ಕೇಳಿದೆ. ಅವರು ನನ್ನ ಗಂಡನ ಮುಖ ನೋಡಿದರು. ನನ್ನ ಗಂಡ ಫ್ಯಾನಿನ ರೆಕ್ಕೆ ನೋಡತೊಡಗಿದರು.

ಕತ್ತಲ ಕೋಣೆಯಲ್ಲಿ ಒಂದೊಂದನ್ನೇ ಹೊತ್ತಿಸಿ, ಕೆಳತುಟಿ ಮಡಿಚಿ ಒಳಭಾಗ ನೋಡಿಕೊಂಡೆ. ಹೆಚ್ಚಿನವು ನೀಲಿ ಬೆರೆತ ಬಿಳಿ ಬೆಳಕು. ಅದರಲ್ಲಿ ನನ್ನ ತುಟಿ ರಕ್ತವಿಲ್ಲದ ಹೆಣದ ತುಟಿಯಂತೆ ಕಂಡಿತು. ಒಂದೇ ಒಂದು, ಕಪ್ಪು ಪ್ಲಾಸ್ಟಿಕ್ಕಿನದು, ತುಸು ಹಳದಿಗೆ ತಿರುಗಿದ ಬೆಳಕು ಕೊಟ್ಟಿತು. ತುಟಿ ಇದ್ದ ಬಣ್ಣದಲ್ಲೇ ಕಂಡಿತು. ಹಸುವಿನ ಒಸಡು ಕೆಂಪಗಿದೆಯೋ ಬಿಳಿಚಿದೆಯೋ ನೋಡಿಯೇ ನಾನು ಅರ್ಧ ರೋಗ ತಿಳಿಯುವುದು. ಸುಳ್ಳು ಬಣ್ಣ ತೋರಿಸುವ ಬೆಳಕು ನನಗೆ ಕತ್ತಲೆಗಿಂತ ಕೆಟ್ಟದ್ದು.

ಅಂಗಡಿಯವರು ಬಾಗಿಲಲ್ಲಿ ನಿಂತಿದ್ದರು. "ಅಕ್ಕಾರ, ಬಂದ ಮಂದಿ ಎಲ್ಲಾ ಬೆಳಕು ಎಷ್ಟು ದೂರ ಹೊಕ್ಕತಿ ಅಂತ ಕೇಳ್ತಾರ್ರಿ. ನೀವು ತುಟಿ ನೋಡ್ಕೋಳಾಕ ಹತ್ತೀರಿ."

"ನನಗ ದೂರ ಹೋಗೂದು ಬ್ಯಾಡ್ರಿ," ಎಂದೆ. "ಒಂದು ಗೇಣು ಸಾಕು. ಅಷ್ಟರಾಗ ಕೆಂಪು ಕೆಂಪಾಗೇ ಕಾಣಬೇಕು."

ಆ ಕಪ್ಪು ಬ್ಯಾಟರಿಗೆ ಒಂದು ಕ್ಲಿಪ್ಪೂ ಇತ್ತು. ಕೀಲಿಕೈಯಿಂದ ಬಿಚ್ಚಿ ಏಪ್ರನ್ನಿನ ಕೊರಳಿಗೆ ಸಿಕ್ಕಿಸಿಕೊಂಡರೆ ಎರಡೂ ಕೈ ಖಾಲಿ. ಸಣ್ಣ ಪೆನ್ಸಿಲ್ ಸೆಲ್ಲಿನದು. ಚಾರ್ಜ್ ಮಾಡುವುದಲ್ಲವಲ್ಲ ಎಂದು ಗಂಡ ಕೊನೆಯ ಬಾರಿ ಅಂದು ನೋಡಿದರು. ಹಳ್ಳಿಗಳಲ್ಲಿ ಚಹಾಪುಡಿ ಸಿಗುವ ಅಂಗಡಿಯಲ್ಲೇ ಈ ಸೆಲ್ಲೂ ಸಿಗುತ್ತದೆ ಎಂದೆ. ಅವರೇ ಜೇಬಿನಿಂದ ದುಡ್ಡು ತೆಗೆದರು.

ಮುಂಡರಗಿಗೆ ವರ್ಗವಾಗಿ ಕೆಲವು ತಿಂಗಳ ಮೇಲೆ, ಒಂದು ಮಧ್ಯಾಹ್ನ ಡಂಬಳದಿಂದ ಫೋನು ಬಂತು. ಎಮ್ಮೆಗೆ ಹುಚ್ಚುನಾಯಿ ರೋಗ ಬಂದಿದೆ, ಜೊಲ್ಲು ಸುರಿಸುತ್ತಿದೆ, ಯಾರೂ ಹತ್ತಿರ ಹೋಗುತ್ತಿಲ್ಲ ಎಂದರು. ಹೋದಾಗ ಮನೆಯ ಮುಂದೆ ಜನ ಸೇರಿದ್ದರು. ಮನೆಯ ಯಜಮಾನಿ ಒಬ್ಬ ವಯಸ್ಸಾದ ಹೆಂಗಸು. ಅಂದು ಬೆಳಿಗ್ಗೆ ಕರೆದ ಹಾಲನ್ನೆಲ್ಲ ತಿಪ್ಪೆಗೆ ಚೆಲ್ಲಿಸಿದ್ದಳು. ಎಮ್ಮೆಯ ಕರುವನ್ನು ಎದುರುಮನೆಯ ಕಟ್ಟೆಗೆ ಕಟ್ಟಿಸಿದ್ದಳು. ಅದು ಒಂದೇ ಸಮನೆ ಕೂಗುತ್ತಿತ್ತು. ಗುಂಡು ಹಾಕುವವರನ್ನು ಕರೆಸಬೇಕೇನೋ ಎಂದು ಯಾರೋ ಅನ್ನುತ್ತಿದ್ದರು.

ಜೊಲ್ಲು ಕಂಡರೆ ನನಗೂ ಆ ಭಯ ಇದ್ದೇ ಇದೆ. ಆ ರೋಗದ ದನದ ಬಾಯಿಗೆ ಕೈ ಹಾಕುವುದೆಂದರೆ ಜೀವದ ಮಾತು. ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಎಮ್ಮೆಯನ್ನು ಬಹಳ ಹೊತ್ತು ನೋಡಿದೆ. ಕತ್ತು ಮುಂದೆ ಚಾಚಿ ಕೆಮ್ಮುತ್ತಿತ್ತು. ಎಡಹೊಟ್ಟೆ ಉಬ್ಬಿತ್ತು. ಆದರೆ ಹಿಂಗಾಲು ತೂರಾಡುತ್ತಿರಲಿಲ್ಲ, ಕರು ಕೂಗಿದಾಗಲೆಲ್ಲ ಅತ್ತ ಕಿವಿ ತಿರುಗಿಸುತ್ತಿತ್ತು. ನಾಯಿ ಕಚ್ಚಿದ್ದನ್ನು ಕಂಡವರು ಯಾರು ಎಂದು ಕೇಳಿದೆ. ಯಾರೂ ಕಂಡಿರಲಿಲ್ಲ. ಬೆಳಿಗ್ಗೆ ಏನು ತಿಂದಿತು ಎಂದರೆ, ಹಾಲು ಕರೆದ ಮೇಲೆ ಬಿಟ್ಟಿದ್ದೆವು, ಹಿತ್ತಲಲ್ಲಿ ಗೋವಿನಜೋಳದ ತೆನೆಯಿಂದ ಕಾಳು ಬಿಡಿಸಿ ಉಳಿದ ಬೆಂಡಿನ ರಾಶಿ ಹಾಕಿದ್ದೆವು, ಅದಕ್ಕೆ ಬಾಯಿ ಹಾಕಿತ್ತು ಎಂದಳು ಯಜಮಾನಿ.

ಇದು ಹುಚ್ಚಲ್ಲ, ಗಂಟಲಲ್ಲಿ ಏನೋ ಸಿಕ್ಕಿಕೊಂಡಿರಬೇಕು ಅನ್ನಿಸಿ ನನಗೆ ಧೈರ್ಯ ಬಂತು. ಭುಜದವರೆಗಿನ ಗ್ಲೌಸು ಹಾಕಿಕೊಂಡೆ. ಆಕೆಯ ಮಗ ಮತ್ತು ನನ್ನ ಜೊತೆ ಬಂದಿದ್ದ ಆಸ್ಪತ್ರೆಯ ಸಹಾಯಕ ಇಬ್ಬರೂ ಗ್ಲೌಸು ಹಾಕಿ ತಲೆ ಹಿಡಿದರು. ಬಾಯಿ ಮುಚ್ಚದಂತೆ ಹಲ್ಲುಗಳ ನಡುವೆ ಕಬ್ಬಿಣದ ಬಳೆ ಇಟ್ಟು, ಬ್ಯಾಟರಿಯನ್ನು ಏಪ್ರನ್ನಿನ ಕೊರಳಿಗೆ ಸಿಕ್ಕಿಸಿ ಬಾಗಿದೆ. ಬೆಳಕು ಮೆದುವಾಗಿತ್ತು, ಎಮ್ಮೆ ಬೆದರಲಿಲ್ಲ. ನಾಲಿಗೆಯ ಬುಡದ ಆಚೆ, ಗಂಟಲು ತಿರುಗುವಲ್ಲಿ, ಕೆಂಪಗೆ ಬಾತ ಮಾಂಸದ ನಡುವೆ ಬೇರೆ ಬಣ್ಣದ್ದೊಂದು ಕಂಡಿತು. ಒಣ ಬೆಂಡಿನ ತುದಿ.

ನನ್ನ ಕೈ ಸಣ್ಣದು. ಕಾಲೇಜಿನಲ್ಲಿ ಈ ಕೈಯಲ್ಲಿ ದನ ಹಿಡಿಯುತ್ತೀಯಾ ಎಂದು ನಕ್ಕವರಿದ್ದರು. ಆ ಕೈ ಅಂದು ನಾಲಿಗೆಯ ಪಕ್ಕದಿಂದ ಒಳಗೆ ಜಾರಿತು. ಬೆರಳಿಗೆ ಬೆಂಡು ತಾಗಿತು, ಜಾರಿತು, ಮತ್ತೆ ಸಿಕ್ಕಿತು. ಹೊರಗಿನಿಂದ ಗಂಟಲನ್ನು ಮೇಲಕ್ಕೆ ಒತ್ತು ಎಂದು ಸಹಾಯಕನಿಗೆ ಹೇಳಿ, ತಿರುಚಿ ಎಳೆದೆ. ಬೆಂಡು ಹೊರಬಂದದ್ದೇ ತಡ, ಎಮ್ಮೆ ಉದ್ದಕ್ಕೆ ತೇಗಿತು. ಹುಳಿ ವಾಸನೆಯ ಗಾಳಿ ನನ್ನ ಮುಖಕ್ಕೆ ಹೊಡೆಯಿತು. ಅಷ್ಟು ಸಂತೋಷದ ವಾಸನೆ ನಾನು ಬೇರೆ ಕಂಡಿಲ್ಲ.

ಆ ಬೆಂಡನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಳಕ್ಕೆ ಬಂದು ಎಲ್ಲರಿಗೂ ತೋರಿಸಿದೆ. ಜನ ನಿಧಾನವಾಗಿ ಕರಗಿದರು. ಯಜಮಾನಿ ಮಾತ್ರ ನಂಬಲಾರದೆ ನಿಂತಿದ್ದಳು. "ಬಾಯಾರ, ಖರೇನ ಹುಚ್ಚು ಅಲ್ಲೇನ್ರಿ? ನಾ ಒಂದ್ಸಲ ನೋಡ್ಲೇನು ಒಳಗ?"

ಬ್ಯಾಟರಿ ತೊಳೆದು ಅವಳ ಕೈಗೆ ಕೊಟ್ಟೆ. ನಾನು ಎಮ್ಮೆಯ ಬಾಯಿ ತೆರೆದು ಹಿಡಿದೆ, ಅವಳು ಸೆರಗು ಹಿಂದೆ ಸರಿಸಿ ಬಾಗಿ ನೋಡಿದಳು. ಗೀರಿಕೊಂಡ ಗಾಯ ಎಲ್ಲಿದೆ ಎಂದು ತೋರಿಸಿದೆ. ಎರಡು ದಿನ ಒಣಮೇವು ಬೇಡ, ತೆಳುವಾದ ಅಂಬಲಿ, ಎಳೆ ಹುಲ್ಲು ಸಾಕು ಎಂದೆ. ಅವಳು ತಲೆಯಾಡಿಸುತ್ತ ಎಮ್ಮೆಯ ಹಣೆ ಸವರಿದಳು. ಅವಳ ಕಣ್ಣು ತುಂಬಿತ್ತು.

ಬಕೀಟಿನಲ್ಲಿ ನೀರು ಇಟ್ಟಾಗ ಎಮ್ಮೆ ಮೊದಲು ಮೂಸಿತು, ಆಮೇಲೆ ಮುಖ ಎತ್ತದೆ ಕುಡಿಯಿತು. ಕರುವನ್ನು ಬಿಡಬಹುದೇ ಎಂದು ಕೇಳಿದಳು. ಬಿಡಿ ಎಂದೆ. ಮಗನನ್ನು ಕಳಿಸದೆ ತಾನೇ ರಸ್ತೆ ದಾಟಿ ಹಗ್ಗ ಬಿಚ್ಚಿದಳು. ಕರು ಅವಳನ್ನು ಎಳೆದುಕೊಂಡೇ ಕೊಟ್ಟಿಗೆಗೆ ನುಗ್ಗಿ, ಹಣೆಯಿಂದ ಕೆಚ್ಚಲು ಗುದ್ದಿ ಬಾಯಿ ಹಾಕಿತು. ಎಮ್ಮೆ ನೀರು ಕುಡಿಯುವುದನ್ನು ನಿಲ್ಲಿಸಿ ಹಿಂದೆ ತಿರುಗಿ ಅದರ ಬೆನ್ನು ನೆಕ್ಕತೊಡಗಿತು.