ಮಾವಳ್ಳಿಯಿಂದ ಕುಮಟಾವರೆಗಿನ ನಿದ್ದೆ

ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕೆಂದು ಇವತ್ತು ಬಹಳ ದಿನಗಳ ಮೇಲೆ ಭಟ್ಕಳದಲ್ಲಿ ಕುಮಟಾ ಬಸ್ಸು ಹತ್ತಿದೆ. ಮುಂದಿನ ಸೀಟಿನ ಹೆಂಗಸಿನ ತಲೆಯಿಂದ ಕೊಬ್ಬರಿ ಎಣ್ಣೆಯ ವಾಸನೆ ಬಂತು ನೋಡಿ, ನಾಗವೇಣಿ ನೆನಪಾದಳು.

ಕುಮಟಾದ ಒಂದು ಮಾಳಿಗೆಯಲ್ಲಿ ಕೂತು ನಾವಿಬ್ಬರೂ ಎಲ್ಲಿಯದೋ ಆಸ್ಪತ್ರೆಗಳ ಬಿಲ್ಲು ಟೈಪು ಮಾಡುತ್ತಿದ್ದೆವು. ಅವಳು ಮಾವಳ್ಳಿಯಲ್ಲಿ ಹತ್ತುವಳು. "ಕುಮಟಾ ಬಂದ್ರೆ ಎಬ್ಸಕ್ಕ" ಎಂದವಳೇ ನನ್ನ ಹೆಗಲಿಗೆ ತಲೆ ಕೊಡುವಳು. ಹೊನ್ನಾವರದ ಸೇತುವೆ ದಾಟಿದರೂ ಎಚ್ಚರವಿಲ್ಲ. ಹಾಸಿಗೆ ಹಿಡಿದ ಅತ್ತೆ ರಾತ್ರಿಯಿಡೀ ಕರೆಯುತ್ತಿದ್ದರಂತೆ. ಹಗಲು ಮಾತ್ರ ನಾದಿನಿ ಬಂದು ನೋಡಿಕೊಳ್ಳುತ್ತಿದ್ದಳು. ನನ್ನ ಸೀರೆಗಾದ ಎಣ್ಣೆ ಕಲೆಗೆ ನಾನು ಗೊಣಗದ ದಿನವಿಲ್ಲ. ಆದರೂ ಹೆಗಲು ಸರಿಸಲಿಲ್ಲ, ಅಷ್ಟು ಪುಣ್ಯ ನನಗೂ ಇರಲಿ.

ಆಮೇಲೆ ಮಾಲೀಕರು ಬಾಡಿಗೆ ದಂಡವೆಂದು ಮಾಳಿಗೆ ಬಿಟ್ಟರು. ಕಂಪ್ಯೂಟರು ನಮ್ಮ ನಮ್ಮ ಮನೆಗೆ ಬಂತು. ನಾನಂತೂ ಕುಣಿದೆ. ಬಸ್ಸಿಲ್ಲ, ಇಸ್ತ್ರಿಯಿಲ್ಲ, ನೈಟಿಯಲ್ಲೇ ನೌಕರಿ! ನಾಗವೇಣಿಗೂ ಊರವರು "ಪುಣ್ಯವಂತೆ" ಅಂದರಂತೆ. ಅತ್ತಿಗೆ ಮನೆಯಲ್ಲೇ ಇರುತ್ತಾಳಲ್ಲ ಎಂದು ನಾದಿನಿ ಬರುವುದನ್ನು ಬಿಟ್ಟಳು. ಪುಣ್ಯವಂತೆಗೆ ರಾತ್ರಿಯ ಜೊತೆ ಹಗಲೂ ಹೋಯಿತು.

ಕಡೆಗೆ ಅವಳು ಒಂದು ಸುಳ್ಳು ಹೊಸೆದಳು: ಗುರುವಾರ ಗುರುವಾರ ಆಫೀಸಿನಲ್ಲಿ ಮೀಟಿಂಗು. ಆ ದಿನ ನಾದಿನಿಯನ್ನು ಕರೆಸಿ, ಬಸ್ಸು ಹತ್ತಿ ಮಲಗುವುದು. ಕುಮಟಾ ಸ್ಟ್ಯಾಂಡಿನಲ್ಲಿ ಚಾ ಕುಡಿದು, ಮತ್ತೆ ಮಲಗಿಕೊಂಡೇ ವಾಪಸು. "ಎಂತ ಮಾಡುದು ಅಕ್ಕ, ಮನೇಲಿ ಕಣ್ಣು ಮುಚ್ಚೂಕೆ ಆಗುದಿಲ್ಲ" ಎಂದು ಫೋನಿನಲ್ಲಿ ನಕ್ಕಿದ್ದಳು.

ಒಮ್ಮೆ ಅವಳ ಗಂಡ ಕುಮಟಾಕ್ಕೆ ಹೋದವನು ನಮ್ಮ ಆಫೀಸಿದ್ದಲ್ಲಿ ಬ್ಯೂಟಿ ಪಾರ್ಲರಿನ ಬೋರ್ಡು ನೋಡಿದ. ಮನೆಗೆ ಬಂದು ವಿಚಾರಿಸಿದಾಗ ಅವಳು ಬಸ್ಸಿನ ನಿದ್ದೆಯ ವಿಷಯ ಹೇಳಿಬಿಟ್ಟಳು. ಹೊಡೆದು ಬಡಿದು ಮಾಡುವವನಲ್ಲ. "ಮಲಗೂಕೆ ಮನೇಲಿ ಜಾಗ ಇಲ್ವಾ?" ಎಂದು ಕೇಳಿ, ಹೊಸ ಮಂಚ ತಂದು ಕಂಪ್ಯೂಟರಿನ ಪಕ್ಕದಲ್ಲೇ ಹಾಕಿಸಿದ. ನಾನು ಅವರ ಮನೆಗೆ ಹೋದಾಗ ಆ ಮಂಚದ ಮೇಲೆ ಅತ್ತೆ ಮಲಗಿದ್ದರು, ಕರೆದರೆ ಸೊಸೆಗೆ ಬೇಗ ಕೇಳಲಿ ಎಂದು. ನಾಗವೇಣಿ ಒಂದೇ ಬಿಲ್ಲನ್ನು ಮತ್ತೆ ಮತ್ತೆ ತಪ್ಪು ಹೊಡೆಯುತ್ತಿದ್ದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಇದೆಲ್ಲ ನೆನಪಾಗಿ ತಡೆಯಲಾಗದೆ, ಬಸ್ಸಿನಿಂದಲೇ ಅವಳ ಗಂಡನಿಗೆ ಫೋನು ಮಾಡಿದೆ. ಸುಳ್ಳು ಹೇಳಲು ನನಗೂ ಬರುತ್ತದೆ.

"ತಮ್ಮಾ, ಹೊಸ ಕೆಲ್ಸ ಕಲಿಸೂಕೆ ಮಾಲೀಕರು ನಮ್ಮಿಬ್ರನ್ನೂ ಕುಮಟಾಕ್ಕೆ ಕರ್ದಿದ್ದಾರೆ. ಬಸ್ಸು ಈಗ ಮಾವಳ್ಳಿಗೆ ಬತ್ತದೆ, ನಾಗವೇಣಿನ ಕಳ್ಸು."

"ಅವ್ಳು ಎಂತಕ್ಕೆ ಅಕ್ಕ ಅಷ್ಟು ದೂರ?" ಅಂದ, ಬಹಳ ಮೆತ್ತಗೆ. "ನೀವು ಕಲ್ತು ಬಂದು ಫೋನಲ್ಲಿ ಹೇಳಿ, ಸಾಕು. ಅವ್ಳು ಮನೇಲೇ ಕೂತು ಕಲೀತಾಳೆ."

ಆತು ಎಂದೆ. ಅವನ ಹಿಂದೆ ಅತ್ತೆ ಕರೆಯುವುದೂ, "ಬಂದೆ, ಬಂದೆ" ಎಂದು ನಾಗವೇಣಿ ಓಡುವುದೂ ಕೇಳಿಸಿತು. ಬಸ್ಸು ಮಾವಳ್ಳಿಯಲ್ಲಿ ನಿಂತು, ಯಾರನ್ನೋ ಹತ್ತಿಸಿಕೊಂಡು ಹೊರಟಿತು.