ರುಕ್ಮವ್ವ ಒರೆಸಿದ ಗೋಡೆ

ಸೊಲ್ಲಾಪುರ ರಸ್ತೆಯಲ್ಲಿದ್ದ ಗುರಣ್ಣ ವಕೀಲರ ಬಂಗಲೆಯ ಗೋಡೆ ಕರಿಕಲ್ಲಿನದು. ಚಾಣ ಹೊಡೆದು ಕೂರಿಸಿದ ಕಲ್ಲು, ನಡುನಡುವೆ ಸುಣ್ಣದ ಗಾರೆಯ ಸಂದು. ಅಂಥ ಗೋಡೆಗೆ ಬಿಳಿ ಕಲೆ ಬಿದ್ದರೆ ಎಮ್ಮೆಯ ಮೈಮೇಲೆ ಸುಣ್ಣ ಚೆಲ್ಲಿದ ಹಾಗೆ ಎದ್ದು ಕಾಣುತ್ತದೆ. ಅರವತ್ತೊಂದನೆಯ ಇಸವಿಯ ಚಳಿಗಾಲದ ಒಂದು ಮುಂಜಾನೆ, ಅಂಗಳ ಗುಡಿಸುತ್ತಿದ್ದ ರುಕ್ಮವ್ವನ ಕಣ್ಣಿಗೆ ಅಂಥದೊಂದು ಕಲೆ ಬಿತ್ತು. ಮಲ್ಲಿಗೆ ಬಳ್ಳಿಯ ಹಿಂದೆ, ಮೊಣಕಾಲೆತ್ತರಕ್ಕೆ, ಚುಕ್ಕಿ ಚುಕ್ಕಿಯಾಗಿ ಹರಡಿತ್ತು. ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿದಳು. ಸವುಳು.

ಬಂಗಲೆಯ ಬಾವಿಯ ನೀರೇ ಹಾಗಿತ್ತು. ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬಿಡುತ್ತಿರಲಿಲ್ಲ. ಕುಡಿಯಲು ರಸ್ತೆಯ ನಳದ ಸಿಹಿನೀರು, ಗಿಡಗಳಿಗೆ ಈ ಬಾವಿಯದು. ವಕೀಲರು ಮೋಟರು ಕೂರಿಸಿ, ರಬ್ಬರಿನ ಪೈಪು ತಂದು, ಅದರ ತುದಿಗೆ ಸಣ್ಣ ತೂತುಗಳ ಹಿತ್ತಾಳೆ ಮೂತಿ ಹಾಕಿಸಿದ್ದರು. ಅದನ್ನು ಹಿಡಿದು ದಿನಾ ಸಂಜೆ ಗಿಡಗಳಿಗೆ ನೀರು ಬಿಡುವವನು ರುಕ್ಮವ್ವನ ಗಂಡ ಗೊಲ್ಲಾಳಪ್ಪ. ತಮ್ಮ ಹಳ್ಳಿ ನಿಡೋಣಿಯಿಂದ ಬಂದು ಈ ಬಂಗಲೆಯ ಕೆಲಸ ಹಿಡಿದು ಇಬ್ಬರಿಗೂ ಹದಿನೆಂಟು ವರ್ಷವಾಗಿತ್ತು. ಒಂದೊಂದು ಗಿಡದ ಬುಡಕ್ಕೂ ಕೂಸಿನ ಬಾಯಿಗೆ ಹಾಲು ಬಿಟ್ಟ ಹಾಗೆ ನೀರು ಬಿಡುವ ಮನುಷ್ಯ ಅವನು. ಅವನ ಕೈಯಿಂದ ಗೋಡೆಗೆ ನೀರು ಹೇಗೆ ಹಾರಿತು?

ಆ ಸಂಜೆ ರುಕ್ಮವ್ವ ತುಳಸಿಕಟ್ಟೆಯ ಮರೆಯಲ್ಲಿ ನಿಂತು ನೋಡಿದಳು. ಗೊಲ್ಲಾಳಪ್ಪ ಮೊದಲು ಲಿಂಬೆ ಗಿಡದ ಎಲೆಯನ್ನು ಕೈಯಿಂದ ಸವರಿ ನೋಡಿದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಪೈಪಿನ ಮೂತಿ ಮೇಲಕ್ಕೆತ್ತಿ, ಸುತ್ತಲೂ ಮಳೆ ಬಂದಂತೆ ಹಾರಿಸಿದ. ಒಂದು ಗಿಡಕ್ಕೆ ನೀರು ಬಿದ್ದಿಲ್ಲ ಅನ್ನುವ ಮಾತೇ ಬರಬಾರದು, ಹಾಗೆ.

"ಏನ್ರಿ, ಹಿಂಗ್ಯಾಕ ಹಾರಿಸಾಕತ್ತೀರಿ?"

"ಎಲಿಗೂ ನೀರು ಬ್ಯಾಡೇನು? ಮಳಿರಾಯ ಬರೇ ಬುಡಾ ನೋಡಿ ಸುರೀತಾನೇನಲೇ?" ಅಂದು ಗೊಲ್ಲಾಳಪ್ಪ ನಕ್ಕ. ನಕ್ಕಿದ್ದು ಅವಳು ನಿಂತ ಕಡೆಗಲ್ಲ, ತುಸು ಪಕ್ಕಕ್ಕೆ.

ರುಕ್ಮವ್ವನಿಗೆ ಥಟ್ಟನೆ ತಿಳಿಯಿತು. ಗಂಡನ ಕಣ್ಣಿಗೆ ಪೊರೆ ಬಂದಿತ್ತು, ಅವನು ಮುಚ್ಚಿಡುತ್ತಿದ್ದ. ಯಾಕೆ ಮುಚ್ಚಿಡುತ್ತಾನೆಂಬುದೂ ಅವಳಿಗೆ ಗೊತ್ತಿತ್ತು. ಅವನ ಅಣ್ಣ ಬೀರಣ್ಣನಿಗೂ ಹೀಗೇ ಪೊರೆ ಬಂದಾಗ, ಊರೂರು ತಿರುಗುವ ಕಣ್ಣಿನ ವೈದ್ಯನೊಬ್ಬ ನಿಡೋಣಿಯ ಕಟ್ಟೆಯ ಮೇಲೆ ಕೂರಿಸಿ ಸೂಜಿ ಹಾಕಿ ಪೊರೆ ತಳ್ಳಿದ್ದ. ಬೀರಣ್ಣ ಎಂಟು ದಿನ ಜಗತ್ತನ್ನೆಲ್ಲ ನೋಡಿದ. ಆಮೇಲೆ ಕೀವಾಗಿ, ಸಾಯುವ ತನಕ ಮನೆಯ ಮೂಲೆಯಲ್ಲಿ ಕೂತ. "ನನ್ನ ಕಣ್ಣಿಗಿ ಯಾರೂ ಸೂಜಿ ತರಬ್ಯಾಡ್ರಿ" ಎಂದು ಗೊಲ್ಲಾಳಪ್ಪ ಅಂದೇ ಆಣೆ ಹಾಕಿಬಿಟ್ಟಿದ್ದ.

ಕಲೆ ವಕೀಲರ ಕಣ್ಣಿಗೆ ಬಿದ್ದರೆ? ಕುರುಡ ಮಾಲಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಗಿಡಗಳ ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸಿದರೆ ಗಂಡನೂ ಬೀರಣ್ಣನಂತೆ ಮೂಲೆ ಹಿಡಿಯುತ್ತಾನೆ. ಅದೊಂದೇ ಹೆದರಿಕೆ ರುಕ್ಮವ್ವನಿಗೆ. ವಕೀಲರು ಏಳುವುದರೊಳಗೆ ಗೋಡೆ ಒರೆಸತೊಡಗಿದಳು.

ಮೊದಲ ದಿನ ಬಾವಿಯ ನೀರನ್ನೇ ಸುರಿದು ಗೋಣಿ ತಟ್ಟಿನಿಂದ ತಿಕ್ಕಿದಳು. ಹಸಿ ಇದ್ದಾಗ ಗೋಡೆ ಕರ್ರಗೆ ಹೊಳೆಯಿತು. ಬಿಸಿಲೇರಿದಾಗ ನೋಡಿದರೆ, ಅಂಗೈಯಗಲ ಇದ್ದದ್ದು ಮೊರದಗಲ ಆಗಿತ್ತು.

ಓಣಿಯ ಮದೀನಾಬಿಗೆ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು. ಅವಳ ಗಂಡ ಪಾತ್ರೆಗಳಿಗೆ ಕಲಾಯಿ ಹಾಕುವವ. ಕಲೆ ತೆಗೆಯುವುದೆಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. "ಉಪ್ಪಿನ ಮ್ಯಾಲ ಉಪ್ಪು ಸುರದಿಯಲ್ಲ, ಹುಚ್ಚಿ! ಹುಣಸಿಹಣ್ಣು ಹಚ್ಚು. ತೊಳಿಯೂದು ಮಾತ್ರ ನಳದ ನೀರಿಲೆ."

ಹುಣಸೆಹಣ್ಣು ಹಚ್ಚಿದರೆ ಕಲೆ ಬುಸುಬುಸು ಎಂದು ನೊರೆ ಬಿಟ್ಟು ಕರಗಿತು. ಆದರೆ ಅದರ ಹುಳಿ ಸಂದಿನ ಸುಣ್ಣವನ್ನೂ ತಿನ್ನತೊಡಗಿತು. ಗಾರೆ ಉದುರಿದ್ದನ್ನು ಕಂಡ ರುಕ್ಮವ್ವ, ಬೆರಳಿಗೆ ಅರಿವೆ ಸುತ್ತಿ, ಸಂದು ಬಿಟ್ಟು ಬರೀ ಕಲ್ಲಿನ ಮುಖಕ್ಕೆ ಹಚ್ಚುವುದನ್ನು ಕಲಿತಳು. ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿ, ಸಿಹಿನೀರು ಸುರಿದು, ಕೂಡಲೇ ಒಣ ಬಟ್ಟೆಯಿಂದ ಒತ್ತಿ ಒರೆಸುವುದು. ಅದಕ್ಕಾಗಿ ನಳಕ್ಕೆ ನೀರು ಬರುವ ಹೊತ್ತಿಗೆ ಎಲ್ಲರಿಗಿಂತ ಮೊದಲು ಕೊಡ ಇಟ್ಟು ನಿಲ್ಲುತ್ತಿದ್ದಳು.

ಚಳಿ ಹೋಗಿ ಬಿಸಿಲು ಬಂತು. ಮೊಣಕಾಲಿಗಿದ್ದ ಕಲೆ ಸೊಂಟಕ್ಕೆ ಏರಿತು, ಆಮೇಲೆ ಎದೆಮಟ್ಟಕ್ಕೆ. ಗಂಡನ ಕಣ್ಣು ಎಷ್ಟು ಹೋಯಿತೆಂಬುದನ್ನು ಅವಳು ದಿನಾ ಗೋಡೆಯ ಮೇಲೆ ಅಳೆಯುತ್ತಿದ್ದಳು. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಕಲೆ ಕಿಟಕಿಯ ಮಟ್ಟ ಮುಟ್ಟಿದ ದಿನ ಮದೀನಾಬಿಯ ಮುಂದೆ ಗಂಡನ ಕಣ್ಣಿನ ಸಂಗತಿಯೆಲ್ಲ ಹೇಳಿ ಕಣ್ಣೀರು ಹಾಕಿದಳು.

"ಅಳತೀ ಯಾಕ? ನೀನ ಅಂವನ್ನ ಕುರುಡ ಮಾಡಾಕತ್ತಿ" ಎಂದಳು ಮದೀನಾಬಿ. ಈ ಸಲ ಅವಳು ನಗಲಿಲ್ಲ. "ಸೊಲ್ಲಾಪುರದ ದವಾಖಾನ್ಯಾಗ ನಮ್ಮ ಮಾವ ಪೊರಿ ತಗಿಸಿಕೊಂಡು ಬಂದು ಕುರಾನ ಓದಾಕತ್ತಾನ. ನೀ ಗ್ವಾಡಿ ಒರಸೂತನಕ ನಿನ್ನ ಗಂಡಗ ತನಗೇನೂ ಆಗಿಲ್ಲ ಅಂತನ ಇರತೈತಿ."

ಆ ಮಾತು ರುಕ್ಮವ್ವನಿಗೆ ನಾಟಿತು. ಮರುದಿನದಿಂದ ಗೋಡೆ ಮುಟ್ಟಲಿಲ್ಲ. ಒಂಬತ್ತು ದಿನ ಬಿಟ್ಟು, ಹತ್ತನೆಯ ಸಂಜೆ ಗಂಡನ ಕೈಯಿಂದ ಪೈಪು ತೆಗೆದುಕೊಂಡು, ಅವನ ಅಂಗೈಯನ್ನು ಗೋಡೆಗೆ ಒತ್ತಿದಳು. ಕಲ್ಲು ಹುರುಕಾದವರ ಮೈಯಂತೆ ತರಿತರಿ ಇತ್ತು. ಗೊಲ್ಲಾಳಪ್ಪನ ಕೈ ಮೇಲೆ ಮೇಲೆ ಹೋಗಿ ಕಿಟಕಿಯ ಹತ್ತಿರ ನಿಂತಿತು.

"ಏನಿದು?"

"ನೀವು ಹಾರಿಸಿದ ನೀರು."

"ಎಷ್ಟು ದಿನದ್ದು?"

"ಒಂಬತ್ತು ದಿನದ್ದು. ಅದಕ್ಕೂ ಮುಂಚಿನ ಆರು ತಿಂಗಳದ್ದು ನಾ ಒರಸೇನಿ."

ಅವನು ಅಂಗೈಗೆ ಹತ್ತಿದ ಉಪ್ಪನ್ನು ಧೋತರಕ್ಕೆ ಒರೆಸಿಕೊಂಡ. ಮೋಟರು ಗುರ್ ಎನ್ನುತ್ತಲೇ ಇತ್ತು. "ಗೊತ್ತಿದ್ದೂ ಬಾಯಿ ಬಿಡಲಿಲ್ಲಲ್ಲ ನೀ" ಎಂದ.

"ನೀವು ಬಿಟ್ಟಿರೇನು?" ಎಂದಳು ರುಕ್ಮವ್ವ. "ಸೂಜಿಗಿ ನೀವು ಹೆದರತೀರಿ. ನೀವು ಮೂಲಿ ಹಿಡದು ಕುಂಡರೂದಕ್ಕ ನಾ ಹೆದರತೇನಿ. ಯಾರ ಹೆದರಿಕಿ ದೊಡ್ಡದು, ನೀವ ಹೇಳ್ರಿ."

ಗೊಲ್ಲಾಳಪ್ಪ ಗೋಡೆಯನ್ನು ಸವರುತ್ತ ಸವರುತ್ತ ಮೂಲೆ ತಿರುಗಿ, ಪಡಸಾಲೆಯಲ್ಲಿ ಕಾಗದ ಓದುತ್ತಿದ್ದ ವಕೀಲರ ಮುಂದೆ ಹೋಗಿ ನಿಂತು ಕೈ ಮುಗಿದ.

"ಸಾಹೇಬ್ರ, ನನ್ನ ಕಣ್ಣು ಹೋಗ್ಯಾವ್ರಿ. ನಿಮ್ಮ ಗ್ವಾಡಿ ನಾನ ಕೆಡಿಸೇನ್ರಿ."

"ಯಾವ ಗ್ವಾಡಿಪಾ?" ಎಂದರು ವಕೀಲರು. ಎದ್ದು ಬಂದು ಕನ್ನಡಕ ಏರಿಸಿ ನೋಡಿದರು. ತಮ್ಮ ಮನೆಯ ಆ ಮಗ್ಗುಲಿಗೆ ಅವರು ಒಂದು ವರ್ಷದಿಂದ ಕಾಲೇ ಇಟ್ಟಿರಲಿಲ್ಲ! ಸೆರಗು ಬಾಯಿಗೆ ಒತ್ತಿಕೊಂಡ ರುಕ್ಮವ್ವನಿಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. "ಗ್ವಾಡಿ ಎಲ್ಲಿಗಿ ಹೋಗತೈತಿ ಬಿಡು" ಎಂದ ವಕೀಲರು, ಸೊಲ್ಲಾಪುರದ ಡಾಕ್ಟರಿಗೆ ಅಲ್ಲೇ ಕೂತು ಚೀಟಿ ಬರೆದರು. "ಕಣ್ಣು ಬರಲಿ ಬರದಿರಲಿ, ಗಿಡಾ ನಿನ್ನವ. ಹೋಗಿ ಬಾ."

ಸೋಮವಾರ ಗಂಡಹೆಂಡತಿ ರೈಲು ಹತ್ತಿದರು. ದವಾಖಾನೆಯಲ್ಲಿ ಗೊಲ್ಲಾಳಪ್ಪ ಪೊರೆ ತೆಗೆಸಿಕೊಂಡು, ತಲೆ ಅಲುಗಿಸದೆ ಎಂಟು ದಿನ ಅಂಗಾತ ಮಲಗಿದ. ರುಕ್ಮವ್ವ ಮಂಚದ ಪಕ್ಕ ಕೂತು ಗಂಜಿ ಕುಡಿಸಿದಳು. ಒಂಬತ್ತನೆಯ ದಿನ ಡಾಕ್ಟರು ಬಲಗಣ್ಣಿನ ಪಟ್ಟಿ ಬಿಚ್ಚಿ, ದಪ್ಪ ಗಾಜೊಂದನ್ನು ಕಣ್ಣಿಗೆ ಹಿಡಿದರು. ಗೊಲ್ಲಾಳಪ್ಪ ನೀರು ಸುರಿಯುವ ಕಣ್ಣನ್ನು ಮುಚ್ಚಿ ತೆರೆದು, ಮುಚ್ಚಿ ತೆರೆದು, ಎದುರಿಗಿದ್ದ ಹೆಂಡತಿಯನ್ನು ಬೈತಲೆಯಿಂದ ಗಲ್ಲದ ತನಕ ನೋಡಿದ.

"ಮುದುಕಿ ಆಗಿಯಲ್ಲ ಬೇ" ಎಂದ.

"ನೀವು ನೋಡೂದು ಬಿಟ್ಟು ವರ್ಷ ಆಗಾಕ ಬಂತು. ಅಷ್ಟರಾಗ ಆದೆ" ಎಂದಳು ರುಕ್ಮವ್ವ. ಅವನು ನಕ್ಕ. ಈ ಸಲ ಸರಿಯಾಗಿ ಅವಳ ಮುಖ ನೋಡಿಯೇ ನಕ್ಕ.